ಹನ್ನೊಂದು ಸ್ಕ್ರೂ ಮತ್ತು ಒಂದು ನೀಲಿ ಬಾಗಿಲು

ಲ್ಯಾಪ್‌ಟಾಪ್ ಕೆಡಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಕರೆಂಟಿನ ಮೇಲೋ ಚಾರ್ಜರಿನ ಮೇಲೋ ತಪ್ಪು ಹೊರಿಸುವುದು ಬೇಡ. ಅಂದು ಗುರುವಾರ, ಶಾಲೆಗೆ ತಡವಾಗಿತ್ತು. ಒಂದು ಕೈಯಲ್ಲಿ ಟಿಫಿನ್ ಡಬ್ಬಿ, ಇನ್ನೊಂದರಲ್ಲಿ ಉತ್ತರಪತ್ರಿಕೆಗಳ ಕಟ್ಟು, ಬಾಯಲ್ಲಿ ಯಾರಿಗೆಂದು ಗೊತ್ತಿಲ್ಲದ ಬೈಗುಳ. ಪಡಸಾಲೆಯಲ್ಲಿ ಮಾವನವರ ಲ್ಯಾಪ್‌ಟಾಪಿನ ವೈರು ಗೋಡೆಯಿಂದ ಮಣೆಯವರೆಗೆ ಅಡ್ಡ ಬಿದ್ದಿತ್ತು. ಕಾಲಿಗೆ ಸಿಕ್ಕಿತು. ಲ್ಯಾಪ್‌ಟಾಪ್ ಮಣೆಯಿಂದ ಜಾರಿ, ಒಂದು ಕ್ಷಣ ವೈರಿಗೇ ಜೋತಾಡಿ, ನೆಲಕ್ಕೆ ಕೂತಿತು. ಪರದೆ ಒಡೆಯಲಿಲ್ಲ. ಆದರೆ ಚಾರ್ಜರಿನ ಪಿನ್ನು ಹೋಗುವ ತೂತಿನೊಳಗೆ ಏನೋ ಲಟಕ್ಕೆಂದದ್ದನ್ನು ನಾನೂ ಕೇಳಿದೆ, ಮಾವನವರೂ ಕೇಳಿದರು. ಹಳೆಯ ಬ್ಯಾಟರಿ, ಅರ್ಧ ತಾಸೂ ತಡೆಯುವುದಿಲ್ಲ. ಸಂಜೆ ನಾನು ಬರುವಷ್ಟರಲ್ಲಿ ಪರದೆ ಕಪ್ಪಾಗಿತ್ತು.

ನಾವಿರುವುದು ಕಮಲಾಪುರದಲ್ಲಿ. ನಾನು ಅಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಗಂಡ ನಂದೂರಿನ ದಾಲ್‌ಮಿಲ್ಲೊಂದರಲ್ಲಿ ಮ್ಯಾನೇಜರು, ಬೆಳಗಾಗೆದ್ದು ಬಸ್ಸು ಹಿಡಿದರೆ ದೀಪ ಹಚ್ಚುವ ಹೊತ್ತಿಗೆ ಮನೆ. ಮಾವನವರದು ಪೌರೋಹಿತ್ಯ. ಊರಿನ, ಸುತ್ತಲ ಹಳ್ಳಿಗಳ, ಈಗ ಸೋಲಾಪುರ ಹೈದರಾಬಾದ್ ಎಂದು ಚದುರಿಹೋದ ನೂರಾರು ಮನೆತನಗಳ ಶ್ರಾದ್ಧದ ತಿಥಿಗಳೆಲ್ಲ ಅವರ ಬಳಿ ಇರುತ್ತವೆ. ಯಾರ ತಂದೆ ಯಾವ ಮಾಸ, ಯಾವ ಪಕ್ಷ, ಯಾವ ತಿಥಿಗೆ ತೀರಿಕೊಂಡರು, ಗೋತ್ರ ಯಾವುದು, ಅಜ್ಜ ಮುತ್ತಜ್ಜಂದಿರ ಹೆಸರೇನು, ಎಲ್ಲ. ಮಕ್ಕಳಿಗೆ ಇಂಗ್ಲಿಷ್ ತಾರೀಖು ನೆನಪಿರುತ್ತದೆ, ತಿಥಿ ಇರುವುದಿಲ್ಲ. ಫೋನು ಬರುತ್ತದೆ: "ಆಚಾರ್ರ, ಈ ವರ್ಷ ನಮ್ಮಪ್ಪಂದು ಯಾವತ್ತು ಬರ್ತದರಿ?" ಮಾವನವರು ಲ್ಯಾಪ್‌ಟಾಪಿನ ಮುಚ್ಚಳ ಎತ್ತಿ, ಕನ್ನಡಕ ಏರಿಸಿ, ನೋಡಿ ಹೇಳುತ್ತಾರೆ.

ಮೊದಲು ಇದೆಲ್ಲ ಕೆಂಪು ರಟ್ಟಿನ ಐದು ದಪ್ಪ ಚೋಪಡಿಗಳಲ್ಲಿತ್ತು. ಅವರ ಅಪ್ಪ ಬರೆದದ್ದು, ಆಮೇಲೆ ಅವರು ಬರೆದದ್ದು. ಹುಳ ಹಿಡಿದು ಪುಟಗಳು ಜರಡಿಯಾಗಿದ್ದವು. ನನ್ನ ಸಣ್ಣ ಲ್ಯಾಪ್‌ಟಾಪನ್ನು ಅವರಿಗೆ ಕೊಟ್ಟು, ಕನ್ನಡ ಟೈಪು ಕಲಿಸಿದವಳು ನಾನು. ಎರಡೇ ಬೆರಳಲ್ಲಿ ಎರಡು ವರ್ಷ ಕುಟ್ಟಿ ಎಲ್ಲವನ್ನೂ ಏರಿಸಿದರು. ಆಮೇಲೆ ನನ್ನ ವರಾತ ಶುರುವಾಯಿತು. ಧೂಳು, ಹುಳ, ಕಪಾಟಿನ ಜಾಗ! "ಎಲ್ಲಾ ಕಂಪ್ಯೂಟರ್‌ನಾಗ ಬಂತಲ್ಲರಿ ಮಾವನವರ, ಇನ್ನ ಇವು ಯಾಕ ಬೇಕು?" ಪ್ರತಿ ಪುಟದ ನೆತ್ತಿಯ ಮೇಲೆ ಶ್ರೀಕಾರ, ಕೆಳಗೆ ಪಿತೃಗಳ ಹೆಸರು. ಅಂಥ ಕಾಗದವನ್ನು ರದ್ದಿಗೆ ಹಾಕುವಂತಿಲ್ಲ, ಸುಡುವಂತೆಯೂ ಇಲ್ಲ, ನೀರಿಗೇ ಕೊಡಬೇಕು. ಭೀಮೆಗೆ ಸ್ನಾನಕ್ಕೆ ಹೋದಾಗ ಚೀಲ ಸಮೇತ ಒಯ್ದು, ಮೊಳಕಾಲುದ್ದದ ನೀರಿನಲ್ಲಿ ನಿಂತು, ನಾನೇ ನನ್ನ ಕೈಯಾರೆ ಐದೂ ಚೋಪಡಿ ಬಿಟ್ಟೆ. ಮಾವನವರು ದಂಡೆಯ ಮೇಲಿಂದ ಕೈಮುಗಿದರು. ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕೋಣ, ಹಾಕೋಣ ಎನ್ನುತ್ತಲೇ ವರ್ಷ ಕಳೆದಿತ್ತು. ನನ್ನ ಬಾಯಿಗೆ ಮಣ್ಣು ಹಾಕ! ಬೇರೆಯವರ ಮಕ್ಕಳಿಗೆ ಮುಂಜಾಗ್ರತೆ ಕಲಿಸುವ ಮಾಸ್ತರಣಿ ನಾನು.

ಸೋಮವಾರದಿಂದ ಪಕ್ಷ ಶುರುವಾಗುವುದಿತ್ತು. ಹದಿನೈದು ದಿನ ಪಿತೃಗಳ ದಿನಗಳು, ವರ್ಷದಲ್ಲೇ ಅತಿ ಹೆಚ್ಚು ಫೋನು ಬರುವ ದಿನಗಳು.

ಮಾವನವರು ಬೈದಿದ್ದರೆ ನನಗೆ ಸುಲಭವಿತ್ತು. ತಿರುಗಿ ಎರಡು ಮಾತು ಆಡಿ, ಅತ್ತು, ಚಹಾ ಮಾಡಿ ಕೊಟ್ಟು ಮುಗಿಸುತ್ತಿದ್ದೆ. ನಮ್ಮಿಬ್ಬರ ಜಗಳಗಳೆಲ್ಲ ಹಾಗೆಯೇ ಮುಗಿಯುವುದು. ಹಿಂದಿನ ದೀಪಾವಳಿಗೆ ತಲೆಬಾಗಿಲಿಗೆ ನೀಲಿ ಬಣ್ಣವೇ ಬೇಕೆಂದು ಹಟ ಹಿಡಿದಿದ್ದರು. ಅದೂ ಎಂಥ ನೀಲಿ, ಓಣಿಯ ಆ ತುದಿಯಿಂದ ಕಣ್ಣು ಕುಕ್ಕುವ ನೀಲಿ. "ಇದೇನು ಮನಿಯೋ ಸರ್ಕಸ್ಸೋ" ಎಂದು ನಾನು ಮೂರು ದಿನ ಕೂಗಾಡಿದ್ದೆ. ಅವರೂ ಕೂಗಾಡಿದ್ದರು. ಕೊನೆಗೆ ನೀಲಿಯೇ ಆಯಿತು. ಆದರೆ ಈ ಸಲ ಮಾತೇ ಇಲ್ಲ. ಶುಕ್ರವಾರ ಇಡೀ ದಿನ ಫೋನು ಬಡಿದುಕೊಂಡಿತಂತೆ, ಅವರು ಎತ್ತಲಿಲ್ಲ. ಸಂಜೆ ಚಹಾ ತಂದಿಟ್ಟರೆ, ಧೋತರ ಸರಿಪಡಿಸಿಕೊಂಡು ನೆಟ್ಟಗೆ ಕೂತರು, ಬೀಗರ ಮನೆಯಲ್ಲಿ ಕೂತಂತೆ. "ತಗೋತೀನ್ರಿ" ಎಂದರು. ರೀ! ಇಪ್ಪತ್ತು ವರ್ಷ "ಏನವಾ", "ಬಾರವಾ" ಎಂದು ಕರೆದ ಬಾಯಿ ನನಗೆ ಬಹುವಚನ ಹಾಕಿತು. ಮಾತು ಬಿಡುವುದಕ್ಕಿಂತ ದೊಡ್ಡ ಸಿಟ್ಟು ಇದು, ನನ್ನನ್ನು ಹೊರಗಿನವಳನ್ನಾಗಿ ಮಾಡಿದರು ಎಂದುಕೊಂಡೆ. ಒಳಗೆ ಹೋಗಿ ಚಹಾದ ಪಾತ್ರೆಯನ್ನು ಗಸಗಸ ತಿಕ್ಕಿದೆ.

ಶನಿವಾರ ಅರ್ಧ ದಿನದ ಶಾಲೆ. ಲ್ಯಾಪ್‌ಟಾಪನ್ನು ಹಳೆಯ ಸೀರೆಯಲ್ಲಿ ಸುತ್ತಿ, ಚೀಲದಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕಲಬುರಗಿಗೆ ಹೊರಟೆ. ಕೆಂಪು ಬಾಳೆಯ ಗೊನೆ ಹೇರಿಕೊಂಡವರೊಬ್ಬರು ಪಕ್ಕದಲ್ಲಿ ಕೂತು, ಗುಂಡಿ ಬಂದಾಗಲೆಲ್ಲ ಗೊನೆಯನ್ನು ನನ್ನ ಚೀಲಕ್ಕೆ ಆನಿಸುತ್ತಿದ್ದರು. ಎರಡು ಸಲ ಬೈದೆ. ಮೂರನೆಯ ಸಲ ಅವರೇ ಎದ್ದು ಹಿಂದೆ ಹೋದರು.

ಸ್ಟೇಶನ್ ಬಜಾರದ ಮೊದಲನೆಯ ಕಂಪ್ಯೂಟರ್ ರಿಪೇರಿ ಅಂಗಡಿಯವನು ಮುಚ್ಚಳವನ್ನೂ ಎತ್ತಿ ನೋಡಲಿಲ್ಲ. "ಫಾರ್ಮ್ಯಾಟ್ ಹೊಡೆದು ಕೊಡ್ತೀನ್ರಿ ಮೇಡಂ, ಹೊಸಾದರಂಗ ಆಗ್ತದ" ಎಂದ. ಫಾರ್ಮ್ಯಾಟ್ ಎಂದರೆ ಒಳಗಿರುವುದೆಲ್ಲ ಅಳಿಸಿಹಾಕುವುದು ಎಂಬಷ್ಟು ನನಗೆ ಗೊತ್ತಿತ್ತು. ಯಂತ್ರವನ್ನು ಅವನ ಕೈಯಿಂದ ಕಸಿದುಕೊಂಡೇ ಹೊರಬಿದ್ದೆ. ಎರಡನೆಯ ಅಂಗಡಿಯಲ್ಲಿ ಬಿಳಿ ಗಡ್ಡದ ಹಿರಿಯರೊಬ್ಬರು ಮೀಟರು ಹಚ್ಚಿ, ತೂತಿನೊಳಗೆ ಟಾರ್ಚು ಬಿಟ್ಟು, ಸಮಾಧಾನದಿಂದ ನೋಡಿದರು.

"ಚಾರ್ಜರ್ ಚಲೋ ಅದ. ಚಾರ್ಜಿಂಗ್ ಜ್ಯಾಕ್ ಖರಾಬ್ ಆಗ್ಯಾದ, ನಡುವಿನ ಪಿನ್ ಮುರದದ. ಫಿಕರ್ ಮಾಡಬ್ಯಾಡ್ರಿ, ಜ್ಯಾಕ್ ಹೋದ್ರ ಒಳಗಿನ ಫೈಲ್ ಹೋಗಂಗಿಲ್ಲ."

"ಹಂಗಾದ್ರ ಅದರ ಡಿಸ್ಕ್ ಒಂದು ತಗದು ಕೊಡ್ರಿ, ಬ್ಯಾರೆ ಕಂಪ್ಯೂಟರ್‌ಗೆ ಹಚ್ತೀನಿ."

ಅವರು ತಲೆ ಅಲ್ಲಾಡಿಸಿದರು. "ಈ ಸಸ್ತಾ ಮಾಡೆಲ್‌ನಾಗ ಡಿಸ್ಕ್ ಅಂತ ಬ್ಯಾರೆ ಇರಂಗಿಲ್ರಿ. ಮೆಮರಿ ಬೋರ್ಡಿಗೇ ಅಂಟಿಸಿರ್ತಾರ. ಬೋರ್ಡ್ ಇರೂತನಕ ಫೈಲ್. ಬೋರ್ಡ್ ಸುಟ್ತು, ಎಲ್ಲಾ ಖತಮ್. ಮುರದ ಪಿನ್ ಒಳಗ ಸಡ್ಲ ಅದ, ಚಾರ್ಜರ್ ಮತ್ತ ಹಚ್ಚಿ ನೋಡಬ್ಯಾಡ್ರಿ. ಇಟ್ಟು ಹೋಗ್ರಿ, ಬುಧವಾರ ಕೊಡ್ತೀನಿ."

ಬುಧವಾರ ಎಂದರೆ ಪಕ್ಷದ ಮೂರನೆಯ ದಿನ. ಅವರ ಮೇಜಿನ ಹಿಂದೆ ಇಪ್ಪತ್ತು ಲ್ಯಾಪ್‌ಟಾಪುಗಳು ಒಂದರ ಮೇಲೊಂದು ರೊಟ್ಟಿಯ ಹಾಗೆ ಪೇರಿಸಿದ್ದವು. ನೂರಾರು ಮನೆಗಳ ಹಿರಿಯರನ್ನು ಆ ರಾಶಿಯ ಮೇಲಿಟ್ಟು ಹೋಗಲು ನನ್ನ ಜೀವ ಒಪ್ಪಲಿಲ್ಲ. ಅಂಗಲಾಚಿದೆ, ಆಮೇಲೆ ದನಿ ಏರಿಸಿದೆ. ಅವರು ನಕ್ಕರು.

"ಸೈನ್ಸ್ ಟೀಚರ್ ಇದ್ದೀನಿ ಅಂತೀರಿ. ನೀವೇ ಬಿಚ್ಚರಿ ಮತ್ತ! ಸೋಲ್ಡರ್ ಬೇಕಿಲ್ಲ, ವೈರ್ ಸಮೇತ ಜ್ಯಾಕ್ ಬರ್ತದ. ಹಳೇದು ತಗಿಯೋದು, ಹೊಸಾದು ಹಚ್ಚೋದು."

ತಮಾಷೆಗೆ ಹೇಳಿದ್ದರೋ ಏನೋ, ನಾನು ಜ್ಯಾಕೂ ಸಣ್ಣ ಸ್ಕ್ರೂಡ್ರೈವರೂ ಕೊಂಡೇಬಿಟ್ಟೆ. ಆಗ ಅವರ ಮುಖ ಗಂಭೀರವಾಯಿತು. ಮುಚ್ಚಳ ತೆಗೆದ ಕೂಡಲೇ ಬ್ಯಾಟರಿಯ ವೈರು ಬಿಡಿಸಬೇಕು, ಮೈಯಲ್ಲಿನ ಸ್ಥಿರ ವಿದ್ಯುತ್ತು ಬೋರ್ಡಿಗೆ ತಾಗದಂತೆ ಮುಟ್ಟುವ ಮುಂಚೆ ಕಿಟಕಿಯ ಕಬ್ಬಿಣ ಹಿಡಿಯಬೇಕು, ಪಾಲಿಸ್ಟರ್ ಉಡಬಾರದು ಎಂದರು. "ಮತ್ತ ಒಂದು ಮಾತ ಕೇಳ್ರಿ. ಉದ್ದನ ಸ್ಕ್ರೂ ಗಿಡ್ಡ ತೂತಿಗೆ ಹೊಡದೀರಿ, ಬೋರ್ಡ್ ಹರೀತು. ಒಳಗ ಒಂದು ಸ್ಕ್ರೂ ಬಿಟ್ಟೀರಿ, ಶಾರ್ಟ್ ಆತು. ಎಣಿಸಿ ತಗೀರಿ, ಎಣಿಸಿ ಹಾಕ್ರಿ."

ಆ ರಾತ್ರಿ ಕಲಬುರಗಿಯಲ್ಲೇ, ಖೂಬಾ ಪ್ಲಾಟ್ ಬಡಾವಣೆಯಲ್ಲಿರುವ ಅಕ್ಕನ ಮನೆಯಲ್ಲಿ ಉಳಿದೆ. ಕಮಲಾಪುರದಲ್ಲಿ ಮಾವನವರ ಕಣ್ಣೆದುರು ಇದನ್ನು ಬಿಚ್ಚುವ ಧೈರ್ಯ ನನಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಅಕ್ಕನ ಹತ್ತಿಯ ಸೀರೆ ಉಟ್ಟು, ಕಿಟಕಿಯ ಸರಳು ಹಿಡಿದು ನಿಂತೆ. ಅಕ್ಕ ನೋಡಿ ಬಿದ್ದು ಬಿದ್ದು ನಕ್ಕಳು. "ಲ್ಯಾಪ್‌ಟಾಪ್ ಬಿಚ್ಚಾಕೂ ಮಡೀನೇನ? ತೀರ್ಥ ಕೊಡ್ಲೇನು?"

"ನೀ ಸುಮ್ಮ ಕೂಡ್ತೀಯಾ ಇಲ್ಲಾ?"

"ಆತವಾ. ಸಿಟ್ಟು ಹುಟ್ಟಿದಾಗಿಂದ ನಿನ್ನ ಮೂಗಿನ ತುದೀಗೇ ಅದ."

ಸ್ಕ್ರೂಗಳನ್ನು ಎಲ್ಲಿಡುವುದು ಎಂಬುದಕ್ಕೆ ಹಿಂದಿನ ರಾತ್ರಿಯೇ ಒಂದು ದಾರಿ ಹೊಳೆದಿತ್ತು. ಎಲೆ ಬಡಿಸುವ ಮನೆಯವರು ನಾವು. ಎಡ ತುದಿಗೆ ಉಪ್ಪು, ಆಮೇಲೆ ಚಟ್ನಿ, ಕೋಸಂಬರಿ, ಪಲ್ಯ, ನಡುವೆ ಅನ್ನ, ಬಲಕ್ಕೆ ಪಾಯಸ. ಕಣ್ಣು ಕಟ್ಟಿ ಬಿಟ್ಟರೂ ಉಪ್ಪನ್ನು ಪಾಯಸದ ಜಾಗಕ್ಕೆ ಬಡಿಸುವವಳಲ್ಲ ನಾನು. ದೊಡ್ಡ ಹಾಳೆಯ ಮೇಲೆ ಎಲೆ ಬರೆದೆ. ಲ್ಯಾಪ್‌ಟಾಪಿನ ಎಡ ಮೂಲೆಯ ಸ್ಕ್ರೂ ಬಿಚ್ಚಿ ಉಪ್ಪಿನ ಜಾಗದಲ್ಲಿಟ್ಟೆ. ಅದು ಗಿಡ್ಡನೆಯದು. ಅದರ ಪಕ್ಕದ್ದು ಉದ್ದ, ಚಟ್ನಿಯ ಜಾಗಕ್ಕೆ. ಹೀಗೆ ಹೊರಗಿನ ಎಂಟು. ರಬ್ಬರಿನ ಪಾದಗಳ ಕೆಳಗೆ ಅಡಗಿದ್ದ ಎರಡನ್ನು ಅನ್ನದ ಜಾಗಕ್ಕಿಟ್ಟೆ. ಅಕ್ಕ ನಗುವುದನ್ನು ನಿಲ್ಲಿಸಿ, ಗಾಳಿಗೆ ಹಾರದಂತೆ ಹಾಳೆಯ ಮೂಲೆ ಒತ್ತಿ ಹಿಡಿದಳು.

ಹಳೆಯ ಎಟಿಎಂ ಕಾರ್ಡನ್ನು ಸಂದಿಗೆ ತೂರಿಸಿ ಎಬ್ಬಿದೆ. ಮುಚ್ಚಳ ಟಕ್ ಟಕ್ಕೆಂದು ಒಂದೊಂದೇ ಕೊಂಡಿ ಬಿಟ್ಟಿತು. ಪ್ರತಿ ಟಕ್ಕಿಗೂ ಮುರಿಯಿತು, ಮುಗಿಯಿತು ಎಂದುಕೊಂಡೆ. ಮುಚ್ಚಳ ಎದ್ದಾಗ ಒಳಗೆ ಅಂಗೈಯಷ್ಟೇ ಒಂದು ಹಸಿರು ಹಲಗೆ. ಉಳಿದದ್ದೆಲ್ಲ ಬ್ಯಾಟರಿ. ಇಷ್ಟೇನಾ? ಐದು ಚೋಪಡಿ, ಎರಡು ತಲೆಮಾರಿನ ಅಕ್ಷರ, ಇಷ್ಟು ಮಂದಿ ಸತ್ತವರು, ಎಲ್ಲ ಇದರ ಯಾವುದೋ ಕಪ್ಪು ಚೌಕದೊಳಗೆ ಇದ್ದಾರೆ, ಮೇಲೆ ನನ್ನ ಕೈ ಇದೆ. ನನಗೆ ನಿಜವಾಗಿ ಹೆದರಿಕೆಯಾಯಿತು. ಹೆರಿಗೆಗೆ ಹೋದಾಗಲೂ ಇಷ್ಟು ಹೆದರಿರಲಿಲ್ಲ. ನರಸಿಂಹಾ, ಒಂದು ಸಲ ಕಾಪಾಡು, ಇನ್ನು ಮೇಲೆ ವೈರು ದಾಟುವಾಗ ಕೆಳಗೆ ನೋಡಿ ದಾಟುತ್ತೇನೆ.

ಬ್ಯಾಟರಿಯ ವೈರು ಉಗುರಿನಿಂದ ಬಿಡಿಸಿದೆ. ಜ್ಯಾಕು ಬಲ ಮೂಲೆಯಲ್ಲಿ, ಪರದೆಯ ಕೀಲಿನ ಪಕ್ಕದ ಗೂಡಿನಲ್ಲಿತ್ತು, ಒಂದೇ ಸ್ಕ್ರೂ. ಅದನ್ನು ಪಾಯಸದ ಜಾಗಕ್ಕಿಟ್ಟೆ. ಹನ್ನೊಂದು. ಹಳೆಯ ಜ್ಯಾಕು ಹೊರಬಂದಾಗ ಅದರ ಹೊಟ್ಟೆಯಿಂದ ಸೂಜಿಯ ಮೊನೆಯಷ್ಟು ಪಿನ್ನಿನ ತುಂಡು ಉದುರಿತು. ನನ್ನ ಕಾಲು ಮುರಿದದ್ದು ಇದನ್ನೇ. ಹೊಸದನ್ನು ಕೂರಿಸಿ, ಅದರ ವೈರನ್ನು ಹಳೆಯ ದಾರಿಯಲ್ಲೇ ಹಾಯಿಸಿ, ತುದಿಯನ್ನು ಬೋರ್ಡಿಗೆ ಸಿಕ್ಕಿಸಿದೆ. ಸ್ಕ್ರೂ ಹಾಕಲು ಕೈ ಚಾಚಿದರೆ ಪಾಯಸದ ಜಾಗ ಖಾಲಿ.

"ಅಕ್ಕಾ, ಹಾಳಿ ಅಲುಗಿಸಿದೇನು?"

"ನಾ ಉಸಿರೂ ಬಿಟ್ಟಿಲ್ಲವಾ!"

ಎಣಿಸಿದೆ. ಹತ್ತು. ಮತ್ತೆ ಎಣಿಸಿದೆ. ಹತ್ತೇ. ಒಳಗೆ ಬಿದ್ದಿದೆ, ಎಲ್ಲೋ ಬೋರ್ಡಿನ ಕೆಳಗೆ ಹೊಕ್ಕಿದೆ, ಕರೆಂಟು ಕೊಟ್ಟ ಕೂಡಲೇ ಸುಡುತ್ತದೆ. ಲ್ಯಾಪ್‌ಟಾಪನ್ನು ಮಗುವಿನಂತೆ ಎತ್ತಿ, ಬೋರಲು ಮಾಡಿ, ಮೆಲ್ಲಗೆ ಅಲುಗಿಸಿ ಕಿವಿ ಕೊಟ್ಟೆ. ಸದ್ದಿಲ್ಲ. ಸದ್ದಿಲ್ಲದ್ದಕ್ಕೆ ಇನ್ನೂ ಹೆದರಿದೆ. ಅಕ್ಕ ನೆಲದ ಮೇಲೆ ಮೊಳಕಾಲೂರಿ ಅಂಗೈಯಿಂದ ಸವರುತ್ತ ಹೋದಳು. ನಾನು ಅಳತೊಡಗಿದೆ. ನಲವತ್ತೈದರ ಹೆಂಗಸು, ಸ್ಕ್ರೂಡ್ರೈವರ್ ಹಿಡಿದು, ಗೊಳೋ ಎಂದು. ಅಕ್ಕ ನನ್ನನ್ನು ಎಬ್ಬಿಸಿ ನಿಲ್ಲಿಸಿ, "ಹತ್ತಿ ಸೀರಿ ಝಾಡಿಸು ಮದ್ಲು" ಎಂದು ನೆರಿಗೆ ಕೊಡವಿದಳು. ಸ್ಕ್ರೂ ಟಣ್ಣೆಂದು ನೆಲಕ್ಕೆ ಬಿತ್ತು. ಅಕ್ಕ ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡು ನನ್ನ ಅಂಗೈಗೆ ಇಟ್ಟಳು. ಈ ಸಲ ಇಬ್ಬರೂ ನಗಲಿಲ್ಲ.

ಬ್ಯಾಟರಿಯ ವೈರು ಮತ್ತೆ ಸಿಕ್ಕಿಸಿ, ಎಲ್ಲ ಮುಚ್ಚಿ, ಎಲೆಯ ಕ್ರಮದಲ್ಲಿ ಹನ್ನೊಂದನ್ನೂ ಬಿಗಿದು, ಚಾರ್ಜರ್ ಹಚ್ಚಿದೆ. ದೀಪ ಹತ್ತಲಿಲ್ಲ. ಕಾದೆವು. ಹತ್ತಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಹಾಗೆ ಎದುರಿಗೆ ಕೂತೆ. ಸೋಮವಾರ ಬೆಳಿಗ್ಗೆ ಮಾವನವರ ಫೋನು ಬಡಿದುಕೊಳ್ಳುವುದು ಕಿವಿಯಲ್ಲೇ ಕೇಳತೊಡಗಿತು. ಯಾರದೋ ತಂದೆಗೆ ಈ ವರ್ಷ ಎಳ್ಳು ನೀರಿಲ್ಲ, ಮುಂದಿನ ವರ್ಷವೂ ಇಲ್ಲ, ಇನ್ನು ಯಾವತ್ತೂ ಇಲ್ಲ, ಆಚಾರ್ರ ಸೊಸೆಯ ಕಾಲಿನಿಂದಾಗಿ.

"ಮತ್ತ ಬಿಚ್ಚು" ಎಂದಳು ಅಕ್ಕ.

ಮತ್ತೆ ಉಪ್ಪು, ಮತ್ತೆ ಚಟ್ನಿ. ಒಳಗೆ ನೋಡಿದರೆ ಜ್ಯಾಕಿನ ವೈರಿನ ತುದಿ ಅರ್ಧವೇ ಹೋಗಿ ನಿಂತಿತ್ತು, ಹೆದರಿ ಹೆದರಿ ಮೆತ್ತಗೆ ಒತ್ತಿದ್ದೆನಲ್ಲ. ಹೆಬ್ಬೆರಳಿನಿಂದ ಒತ್ತಿದಾಗ ಟಕ್ಕೆಂದು ಕೂತಿತು. ಮುಚ್ಚಿ ಚಾರ್ಜರ್ ಹಚ್ಚಿದರೆ ಅಂಚಿನಲ್ಲಿ ಸಾಸಿವೆಯಷ್ಟು ಕಿತ್ತಳೆ ದೀಪ. ಅಕ್ಕ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು, ಮೊಸರವಲಕ್ಕಿ ಕಲಸಲು ಒಳಗೆ ಹೋದಳು.

ನಾನು ಮೊದಲು ಮಾಡಿದ ಕೆಲಸ ಪೆನ್‌ಡ್ರೈವ್ ಸಿಕ್ಕಿಸಿದ್ದು. ಮಾವನವರ ಫೈಲ್ ತೆರೆದೆ, ಎಲ್ಲ ಇದೆಯೋ ಇಲ್ಲವೋ ನೋಡಬೇಕಲ್ಲ. ಹಳ್ಳಿಗೊಂದು ಹಾಳೆ, ಓಣಿಗೊಂದು ಹಾಳೆ. ಎಲ್ಲರೂ ಇದ್ದರು. ಅತ್ತೆಯವರೂ ಇದ್ದರು, ಐದು ವರ್ಷದ ಹಿಂದೆ ಹೋದವರು. ಮಾಘ ಶುದ್ಧ ದ್ವಾದಶಿ. ಕೊನೆಯ ಹಾಳೆಗೆ "ನಮ್ಮನಿ" ಎಂದು ಹೆಸರಿಟ್ಟಿದ್ದರು. ನಮ್ಮ ಮನೆತನದ ಹಿರಿಯರಿರಬೇಕು ಎಂದು ಒತ್ತಿದೆ.

ಅಲ್ಲಿ ಸತ್ತವರು ಇರಲಿಲ್ಲ. ನಾವಿದ್ದೆವು.

ಮೊದಲ ಸಾಲಿನಲ್ಲಿ: ನೀಲಿ ಬಾಗಿಲ ಮನಿ ನಮ್ದು. ಅದರ ಕೆಳಗೆ ನನ್ನ ಗಂಡನ ಹೆಸರು. ಮಗ, ದಾಲ್‌ಮಿಲ್ಲಿಗೆ ಹೋಗ್ತಾನ, ದೀಪ ಹಚ್ಚಿದ ಮ್ಯಾಲೆ ಬರ್ತಾನ, ದಾರಿ ಕಾಯಬಾರದು. ಅದರ ಕೆಳಗೆ ನನ್ನ ಹೆಸರು. ಸೊಸಿ. ಸಾಲಿ ಮಾಸ್ತರಣಿ. ದನಿ ದೊಡ್ಡದು, ಸಿಟ್ಟು ಭಾಳ, ಹೆದರಬಾರದು, ಮನಸು ಮೆತ್ತಗ ಅದ. ಅವ್ವಾ ಅಂತ ಕರೀಬೇಕು. ಕೊನೆಯ ಸಾಲಿನಲ್ಲಿ ಅತ್ತೆಯವರ ಹೆಸರು. ಅಕಿ ಇಲ್ಲ. ಮನ್ಯಾಗ ಹುಡುಕಬಾರದು. ಯಾರನ್ನೂ ಕೇಳಬಾರದು.

ದಿನಾ ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ, ನಮ್ಮ ಯಾರ ಜೊತೆಗೂ ಮಾತಾಡುವ ಮುಂಚೆ ಅವರು ಲ್ಯಾಪ್‌ಟಾಪ್ ತೆರೆಯುತ್ತಿದ್ದರು. ದೇವರಿಗಿಂತ ಇದರ ಗೀಳೇ ಜಾಸ್ತಿಯಾಯಿತು ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಅವರು ಓದುತ್ತಿದ್ದದ್ದು ನಮ್ಮನ್ನು. ಗುರುವಾರದಿಂದ ಮೂರು ದಿನ ನಮ್ಮನ್ನು ಓದಿರಲಿಲ್ಲ. ಚಹಾ ತಂದಿಟ್ಟ ಹೆಂಗಸು ಯಾರೆಂದು ತಿಳಿಯದೆ ಧೋತರ ಸರಿಪಡಿಸಿಕೊಂಡು ರೀ ಹಚ್ಚಿದ್ದರು. ಅದು ಸಿಟ್ಟಾಗಿರಲಿಲ್ಲ. ನನಗಿಂತ ಹೆಚ್ಚು ಹೆದರಿದವರು ಆ ಮನೆಯಲ್ಲಿ ಒಬ್ಬರಿದ್ದರು, ಮತ್ತು ನಾನು ಅವರನ್ನು ಬಿಟ್ಟು ಒಂದು ರಾತ್ರಿ ಇಲ್ಲಿ ಕಳೆದಿದ್ದೆ. ಅಕ್ಕ ಕಲಸಿ ತಂದ ಅವಲಕ್ಕಿಯನ್ನು ಹಾಗೇ ಬಿಟ್ಟು ಬಸ್‌ಸ್ಟ್ಯಾಂಡಿಗೆ ಓಡಿದೆ.

ಸಿಕ್ಕ ಬಸ್ಸು ಹತ್ತಿ ಕೂತೆ. ಫೋನು ಮಾಡಿದರೆ ಗಂಡ, "ಅಪ್ಪ ಕಟ್ಟಿ ಮ್ಯಾಲೆ ಕೂತಾನ, ಮುಂಜಾನಿಂದ ಬಾಗ್ಲದ ಕಡೀನೇ ನೋಡಾಕತ್ತಾನ" ಎಂದರು. ಕಮಲಾಪುರದಲ್ಲಿ ಇಳಿದು ಓಣಿ ಹೊಕ್ಕೆ. ಆ ತುದಿಯಿಂದಲೇ ನೀಲಿ ಕಂಡಿತು.

ಮಾವನವರು ನನ್ನ ಮುಖ ನೋಡಲಿಲ್ಲ, ಚೀಲ ನೋಡಿದರು. ಮಣೆಯ ಮೇಲಿಟ್ಟು, ವೈರನ್ನು ಗೋಡೆಯ ಅಂಚಿಗೆ ಸರಿಸಿ ಹಚ್ಚಿಕೊಟ್ಟೆ. ಅವರು ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡು, ತುಟಿ ಅಲುಗಿಸುತ್ತ, ಬಹಳ ಹೊತ್ತು ಓದಿದರು. ನಾನು ಕಂಬ ಹಿಡಿದು ನಿಂತೇ ಇದ್ದೆ. ಆಮೇಲೆ ತಲೆ ಎತ್ತಿದರು.

"ಏನವಾ, ಬಿಸಿಲಾಗ ಬಂದಿ. ನೀರು ಕುಡದಿಯಿಲ್ಲೋ?"

ಒಳಗೆ ಹೋಗಿ, ಶಾಲೆಯ ಕಪಾಟಿಗೆಂದು ತಂದಿದ್ದ ಹೊಸ ರಟ್ಟಿನ ಚೋಪಡಿಯೊಂದನ್ನು ತಂದು ಅವರೆದುರು ಕೂತೆ. ಮೊದಲ ಪುಟದ ನೆತ್ತಿಗೆ ಶ್ರೀ ಬರೆದೆ.

"ಮಾವನವರ, ಯಂತ್ರದ ಭರೋಸಾ ಇಲ್ಲ. ನೀವು ಹೇಳ್ರಿ, ನಾ ಬರೀತೀನಿ. ಎಲ್ಲಾ."

"ಎಲ್ಲಾ ಅಂದ್ರ?"

"ಕಡೀ ಹಾಳಿ ತನಕ."

ಅವರು ನನ್ನನ್ನೇ ನೋಡಿದರು. ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡರು.

"ಹಂಗಾದ್ರ ಕಡೀ ಹಾಳೀನೇ ಮದ್ಲ ಬರಿಯವಾ" ಎಂದರು. ಪರದೆಯನ್ನು ನೋಡದೆ, ಕಣ್ಣು ಮುಚ್ಚಿ, ನನಗೆ ಬರೆಯಲು ಅನುವಾಗುವಂತೆ ನಿಧಾನವಾಗಿ ಹೇಳಿದರು: "ನೀಲಿ ಬಾಗಿಲ ಮನಿ ನಮ್ದು."

ನಾನು ಬರೆದೆ.